ಚಿಕ್ಕಪ್ಪ, ಫಾರ್ಮ್ಯಾಟ್ ಮಾತ್ರ ಬೇಡ

ಚಿಕ್ಕಪ್ಪ, ಬೆಳಿಗ್ಗೆ ನೀವು ಗುಂಪಿಗೆ ಹಾಕಿದ ನಿಮ್ಮ ಕಂಪ್ಯೂಟರಿನ ಫೋಟೋ ಈಗ ನೋಡಿದೆ. ಕಪ್ಪು ಪರದೆ, ಮೇಲೆ ‘ರೀಬೂಟ್ ಅಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’ ಅಂತ ಬಿಳಿ ಅಕ್ಷರ. ಕೆಳಗೆ ಭಾವ ‘ಹಾರ್ಡ್ ಡಿಸ್ಕ್ ಹೋಯ್ತು, ಫಾರ್ಮ್ಯಾಟ್ ಮಾಡಿಸಿ’ ಅಂದಿದ್ದಾರೆ. ಅದಕ್ಕೆ ನಾಲ್ಕು ಜನ ಹೆಬ್ಬೆರಳು ಎತ್ತಿದ್ದಾರೆ. ಟೈಪ್ ಮಾಡುತ್ತಾ ಕೂತರೆ ರಾಮಾಯಣ ಆಗುತ್ತದೆ, ಅದಕ್ಕೇ ಮಾತಲ್ಲೇ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ಒಂದು ಲೋಟ ಕಾಫಿ ಇಟ್ಟುಕೊಂಡು ಕೇಳಿ.

ಮೊದಲು, ಫಾರ್ಮ್ಯಾಟ್ ಬೇಡ, ಅದು ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿಹಾಕುತ್ತದೆ. ಭಾವ, ಬೇಜಾರು ಮಾಡಿಕೊಳ್ಳಬೇಡಿ. ಆ ಸಂದೇಶಕ್ಕೆ ಡಿಸ್ಕ್ ಸತ್ತಿದೆ ಅಂತ ಅರ್ಥ ಅಲ್ಲ. ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗಲಿಲ್ಲ ಅಂತ ಕಂಪ್ಯೂಟರ್ ಹೇಳುತ್ತಿದೆ, ಅಷ್ಟೇ. ಚಿಕ್ಕಪ್ಪನದು ಹಳೇ ಪದ್ಧತಿಯಲ್ಲಿ ವಿಂಡೋಸ್ ಹಾಕಿದ ಡಿಸ್ಕ್. ಸ್ವಿಚ್ ಒತ್ತಿದಾಗ ಬೋರ್ಡಿನಲ್ಲಿರುವ ಬಯಾಸ್, ಅಂದರೆ ಕಂಪ್ಯೂಟರನ್ನು ಶುರು ಮಾಡುವ ಸಣ್ಣ ಪ್ರೋಗ್ರಾಂ, ಆ ಡಿಸ್ಕಿನ ಮೊಟ್ಟಮೊದಲ 512 ಬೈಟ್ ಮಾತ್ರ ಓದುತ್ತದೆ. ಮೊಬೈಲಿನಲ್ಲಿ ಕನ್ನಡದ ಒಂದೊಂದು ಚಿಹ್ನೆಗೇ 3 ಬೈಟ್ ಬೇಕು. ಅಂದರೆ ಅತ್ತೆ ದಿನಾ ಕಳಿಸುವ ಶುಭೋದಯದ ಸಂದೇಶವೂ ಅದರೊಳಗೆ ಹಿಡಿಸಲ್ಲ! ಅಷ್ಟು ಚೂರು ಜಾಗ ಓದಲು ಆಗದಿದ್ದರೆ, ಉಳಿದದ್ದೆಲ್ಲ ಸರಿಯಿದ್ದರೂ ಅದು ಕೈಚೆಲ್ಲಿಬಿಡುತ್ತದೆ. ಹೊಸ್ತಿಲು ಕಾಣಲಿಲ್ಲ ಅಂತ ಮನೆಯೇ ಬಿದ್ದುಹೋಯಿತು ಅಂದುಕೊಳ್ಳುವುದು ಬೇಡ. ನಿಮ್ಮ ಅಡಿಕೆ ಲೆಕ್ಕ, ತಂಗಿಯ ಮದುವೆ ಫೋಟೋ ಎಲ್ಲಾ ಒಳಗೆ ಹಾಗೇ ಇರಬಹುದು.

ಇನ್ನೊಂದು ವಿಷಯ ನೆನಪಾಯಿತು. ಹೋದ ವಾರ ನೀವೇ ಹೇಳಿದ್ದಿರಿ, ‘ಬ್ಯಾಂಕಿನ ಸೈಟ್ ತೆರೆಯುತ್ತಿಲ್ಲ, ಕಂಪ್ಯೂಟರಿನಲ್ಲಿ ತಾರೀಖು ಹಿಂದೆ ಹಿಂದೆ ಹೋಗುತ್ತಿದೆ’ ಅಂತ. ಆವತ್ತು ನಾನೂ ಸುಮ್ನೆ ‘ತಾರೀಖು ಸರಿ ಮಾಡಿಕೊಳ್ಳಿ’ ಅಂದುಬಿಟ್ಟೆ. ಅಲ್ಲೇ ಎಡವಿದ್ದು. ಬೋರ್ಡಿನ ಮೇಲೆ ನಾಣ್ಯದಂಥ ಒಂದು ಸೆಲ್ಲು ಇರುತ್ತದೆ. ಗೋಡೆಯ ಪ್ಲಗ್ಗು ಹಾಕಿಯೇ ಇದ್ದರೆ ಅದಕ್ಕೆ ಹೆಚ್ಚು ಕೆಲಸ ಇಲ್ಲ. ಆದರೆ ನಮ್ಮ ಸಾಗರ ಊರಿನಲ್ಲಿ ಈಗ ದಿನಾ ಸಂಜೆ ಗುಡುಗು. ಮೋಡ ಕಂಡ ಕೂಡಲೇ ನೀವು ಪ್ಲಗ್ಗು ಕೀಳುತ್ತೀರಿ. ಕೀಳಲೇಬೇಕು, ತಪ್ಪಲ್ಲ. ಆಗ ರಾತ್ರಿಯಿಡೀ ಗಡಿಯಾರ, ಬಯಾಸ್ ಸೆಟ್ಟಿಂಗು ಎಲ್ಲಾ ಆ ಸೆಲ್ಲಿನ ಮೇಲೇ ನಿಂತಿರುತ್ತದೆ. ಅದು ಸೋತರೆ ಮೊದಲು ತಾರೀಖು ಹೋಗುತ್ತದೆ, ಜೊತೆಗೆ ಸೆಟ್ಟಿಂಗೂ ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗಾಗುತ್ತದೆ. ಯಾವುದರಿಂದ ಮೊದಲು ಶುರುವಾಗಬೇಕು ಅನ್ನುವ ಸಾಲು ಅದಲುಬದಲು ಆಗಿರಬಹುದು. ಇಲ್ಲವೇ ಹಳೇ ಪದ್ಧತಿ, ಅಂದರೆ ಲೆಗಸಿ, ಇದ್ದದ್ದು ಹೊಸ ಪದ್ಧತಿಯಾದ ಯುಇಎಫ್ಐಗೆ ಹೊರಳಿರಬಹುದು. ಆಗ ಡಿಸ್ಕ್ ಚೆನ್ನಾಗಿದ್ದರೂ ಅದರಿಂದ ಶುರುವಾಗುವುದಿಲ್ಲ. ನನ್ನ ಅನುಮಾನ ಜಾಸ್ತಿ ಇದರ ಮೇಲೇ.

ಈಗ ಹೀಗೆ ಮಾಡಿ. ಪೆನ್‌ಡ್ರೈವ್, ಡಾಂಗಲ್, ಏನು ಚುಚ್ಚಿದ್ದರೂ ಕಿತ್ತಿಡಿ. ಎಷ್ಟೋ ಸಲ ಅದೇ ಕಾರಣ ಆಗಿರುತ್ತದೆ, ನಗಬೇಡಿ. ಆಮೇಲೆ ಫ್ಯಾನು ನಿಲ್ಲಿಸಿ, ಟಿವಿ ಆರಿಸಿ, ಡಬ್ಬಿಗೆ ಕಿವಿ ಹತ್ತಿರ ಇಟ್ಟು ಸ್ವಿಚ್ ಒತ್ತಿ. ಸಣ್ಣಗೆ ಗುಂಯ್ ಅಂದರೆ ಒಳ್ಳೆಯದು. ‘ಟಕ್... ಟಕ್... ಟಕ್’ ಅಂತ ಒಂದೇ ಲಯದಲ್ಲಿ ಹೊಡೆದುಕೊಂಡರೆ ಆ ಕ್ಷಣವೇ ಆರಿಸಿಬಿಡಿ, ಮತ್ತೆ ಹಾಕಿ ನೋಡಲು ಹೋಗಬೇಡಿ. ಒಳಗೆ ತಟ್ಟೆ ನಿಮಿಷಕ್ಕೆ 7200 ಸುತ್ತು ತಿರುಗುತ್ತಿರುತ್ತದೆ, ಓದುವ ಮುಳ್ಳು ಅದಕ್ಕೆ ತಾಗದ ಹಾಗೆ ಮೇಲೆ ತೇಲುತ್ತಿರುತ್ತದೆ. ಆ ಸದ್ದು ಬಂದರೆ ಮುಳ್ಳಿಗೆ ದಾರಿ ಸಿಗುತ್ತಿಲ್ಲ ಅಂತ. ಓಡಿಸಿದಷ್ಟೂ ಗೀರು ಬೀಳುವ ಭಯ. ನನ್ನ ಹಳೇ ಲ್ಯಾಪ್‌ಟಾಪ್ ಇದೇ ಸದ್ದು ಮಾಡಿದಾಗ ನಾನು ಜಾಣತನ ತೋರಿಸಲು ಹೋಗಿ ರಾತ್ರಿಯಿಡೀ ಚೆಕ್ ಡಿಸ್ಕ್ ಅನ್ನುವ ಡಿಸ್ಕ್ ತಪಾಸಣೆಯ ಪ್ರೋಗ್ರಾಂ ಓಡಿಸಿದೆ. ಬೆಳಿಗ್ಗೆ ನೋಡಿದರೆ ಡಿಸ್ಕಿನ ಹೆಸರೇ ಇಲ್ಲ. ಅಜ್ಜಿಯ ಕೊನೇ ಗಣೇಶನ ಹಬ್ಬದ ಫೋಟೋಗಳು ಯಾರ ಹತ್ತಿರವೂ ಇಲ್ಲದಿರುವುದು ಇದೇ ಕಾರಣಕ್ಕೆ. ಇಲ್ಲಿಯವರೆಗೆ ಗುಂಪಿನಲ್ಲಿ ಹೇಳಿರಲಿಲ್ಲ.

ಸದ್ದು ಸರಿಯಿದ್ದರೆ, ಮತ್ತೆ ಹಾಕುವಾಗ ಡಿಲೀಟ್ ಕೀ ಟಪಟಪ ಒತ್ತುತ್ತಾ ಇರಿ. ಬಗ್ಗದಿದ್ದರೆ ಎಫ್ 2. ಬಯಾಸ್ ಪರದೆ ಬರುತ್ತದೆ. ಅಲ್ಲಿ ಡಿಸ್ಕಿನ ಹೆಸರು ಇದೆಯಾ ನೋಡಿ. ಎಲ್ಲಾ ನಿಂತಿರುವುದು ಇದರ ಮೇಲೆ. ಹೆಸರು ಇದ್ದರೆ ಅರ್ಧ ಗೆದ್ದಂತೆ. ಏನನ್ನೂ ಬದಲಿಸುವ ಮೊದಲು ಒಂದೊಂದು ಪುಟದ್ದೂ ಫೋಟೋ ತೆಗೆಯಿರಿ. ಬೂಟ್ ಅನ್ನುವ ಪುಟದಲ್ಲಿ ಡಿಸ್ಕನ್ನು ಮೊದಲ ಸ್ಥಾನಕ್ಕೆ ತನ್ನಿ, ಎಫ್ 10 ಒತ್ತಿ ಉಳಿಸಿ. ಆಗಲಿಲ್ಲವಾ, ಯುಇಎಫ್ಐ ಇದ್ದರೆ ಲೆಗಸಿ ಮಾಡಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಸಾಟಾ ಮೋಡ್ ಅಂತ, ಡಿಸ್ಕಿನ ಜೊತೆ ಬೋರ್ಡ್ ಹೇಗೆ ಮಾತಾಡಬೇಕು ಅನ್ನುವ ಇನ್ನೊಂದು ಸೆಟ್ಟಿಂಗು ಇರುತ್ತದೆ, ಅದನ್ನು ಮುಟ್ಟಬೇಡಿ. ಅದು ತಪ್ಪಾಗಿದ್ದರೆ ಸಾಮಾನ್ಯವಾಗಿ ವಿಂಡೋಸ್ ಶುರುವಾಗಲು ಹೋಗಿ ನೀಲಿ ಪರದೆ ಬರುತ್ತದೆ. ನಿಮಗೆ ಬಂದಿರುವುದು ಕಪ್ಪು.

ಹೆಸರೇ ಇಲ್ಲ ಅಂದರೆ ಕೇಬಲ್ ನೋಡಬೇಕು. ಪ್ಲಗ್ಗು ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಡಬ್ಬಿಯ ಎಡಗಡೆ ಮುಚ್ಚಳ ಬಿಚ್ಚಿ, ಒಳಗಿನ ಕಬ್ಬಿಣ ಒಮ್ಮೆ ಮುಟ್ಟಿ, ಆಮೇಲೆ ಕೈ ಹಾಕಿ. ಡಿಸ್ಕಿಗೆ ಎರಡು ಕೇಬಲ್ ಇರುತ್ತದೆ. ಅಗಲದ್ದು ಕರೆಂಟಿಗೆ, ಕಿರಿದಾದದ್ದು ಡೇಟಾಕ್ಕೆ. ಎರಡನ್ನೂ ಕಿತ್ತು ಗಟ್ಟಿಯಾಗಿ ಹಾಕಿ. ನಮ್ಮೂರ ಥಂಡಿಗೆ ತುದಿಯಲ್ಲಿ ಕಿಲುಬು ಹಿಡಿದಿದ್ದರೂ ಆಶ್ಚರ್ಯ ಇಲ್ಲ. ಮುಚ್ಚಳ ತೆಗೆದಿರುವಾಗಲೇ ಆ ಸೆಲ್ಲನ್ನೂ ಬದಲಿಸಿಬಿಡಿ. ಮೇಲೆ ಸಿಆರ್ 2032 ಅಂತ ಬರೆದಿರುತ್ತದೆ, 3 ವೋಲ್ಟಿನದು. ವಾಚ್ ರಿಪೇರಿಯವರ ಹತ್ತಿರವೂ ಸಿಗುತ್ತದೆ. ಪ್ಲಸ್ ಗುರುತು ಮೇಲೆ ಬರಬೇಕು. ಹೊಸದು ಹಾಕಿದ ಮೇಲೆ ಬಯಾಸಿನಲ್ಲಿ ತಾರೀಖು, ಬೂಟ್ ಸಾಲು ಎರಡನ್ನೂ ಮತ್ತೆ ಒಮ್ಮೆ ಸರಿ ಮಾಡಬೇಕು, ಮರೆಯಬೇಡಿ.

ಇಷ್ಟಕ್ಕೂ ಬಗ್ಗದಿದ್ದರೆ ಹಾಗೇ ಬಿಡಿ. ಶನಿವಾರ ನಾನು ಬರುತ್ತೇನೆ. ಪೆನ್‌ಡ್ರೈವಿನಲ್ಲಿ ಉಬುಂಟು ತರುತ್ತೇನೆ, ಅದು ವಿಂಡೋಸ್ ಥರದ್ದೇ ಇನ್ನೊಂದು, ಅದನ್ನು ಕಂಪ್ಯೂಟರಿಗೆ ಹಾಕದೆ ಪೆನ್‌ಡ್ರೈವಿನಿಂದಲೇ ಓಡಿಸಬಹುದು. ಮೊದಲು ಫೈಲುಗಳನ್ನೆಲ್ಲ ನನ್ನ ಎಕ್ಸ್‌ಟರ್ನಲ್ ಡಿಸ್ಕಿಗೆ ಇಳಿಸಿಕೊಳ್ಳೋಣ. ವಿಂಡೋಸ್ ರಿಪೇರಿ ಆಮೇಲೆ.

ಹಾಂ, ತಂಗಿ ಕೇಳಿದ್ದಕ್ಕೆ ಒಂದು ಮಾತು. ಚಿಕ್ಕಪ್ಪನ ಲೆಕ್ಕದ ಫೈಲುಗಳು ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಅಕ್ಷರದಲ್ಲಿವೆ. ಬೇರೆ ಕಂಪ್ಯೂಟರಿನಲ್ಲಿ ತೆರೆದು ಏನೇನೋ ಇಂಗ್ಲಿಷ್ ಅಕ್ಷರ, ಚುಕ್ಕಿ ಕಂಡರೆ ಫೈಲ್ ಕೆಟ್ಟಿದೆ ಅಂತ ಅಳಿಸಬೇಡ ಮಾರಾಯ್ತಿ. ನುಡಿ ಫಾಂಟ್ ಹಾಕಿದರೆ ಕನ್ನಡ ವಾಪಸ್ ಬರುತ್ತದೆ.

ಚಿಕ್ಕಪ್ಪ, ಸದ್ಯಕ್ಕೆ ಎರಡು ಕಳಿಸಿ ಸಾಕು. ಸ್ವಿಚ್ ಹಾಕಿದಾಗಿನ ಸದ್ದು ರೆಕಾರ್ಡ್ ಮಾಡಿ, ಮತ್ತೆ ಬಯಾಸಿನ ಮೊದಲ ಪುಟದ ಫೋಟೋ, ತಾರೀಖು ಕಾಣುವ ಹಾಗೆ. ಗುಡುಗು ಶುರುವಾಗುವ ಮೊದಲೇ ಮಾಡಿ. ನಾನು ಬಸ್ಸಿನಲ್ಲಿದ್ದೇನೆ, ಎಂಟು ಗಂಟೆ ಮೇಲೆ ಫೋನ್ ಮಾಡುತ್ತೇನೆ.