ಗೋವಾ ನ್ಯೂಟ್ರಲ್ ಆಗಿತ್ತಲ್ವಾ, ಮತ್ತೆ 1943ರಲ್ಲಿ ಬ್ರಿಟಿಷರು ಅಲ್ಲಿ ಜರ್ಮನ್ ಹಡಗಿಗೆ ನುಗ್ಗಿದ್ದು ಹೆಂಗೆ?

ಕಡವಾಡ_ಹುಡುಗ:
ನಮ್ದು ಕಾರವಾರ, ಮರ್ಮಗೋವಾ ಬಂದರು ಕಡೆ ಎಷ್ಟೋ ಸಲ ಹೋಗಿದೀನಿ ಆದ್ರೆ ಈ ಕಥೆ ಗೊತ್ತಾಗಿದ್ದು ಮೊನ್ನೆ. ಎರಡನೇ ಮಹಾಯುದ್ಧದಲ್ಲಿ ಪೋರ್ಚುಗಲ್ ಯಾರ ಕಡೆನೂ ಇರ್ಲಿಲ್ಲ, ಗೋವಾ ಅವರದ್ದೇ, ಹಂಗಿದ್ಮೇಲೆ ಜರ್ಮನ್ ಹಡಗು ಅಲ್ಲಿ ಯಾಕಿತ್ತು, ಬ್ರಿಟಿಷರು ಒಳಗೆ ಬಂದು ಹೊಡೆದ್ರೆ ಪೋರ್ಚುಗೀಸರು ಸುಮ್ನೆ ಬಿಟ್ರಾ? ಗೊತ್ತಿರೋರು ಸ್ವಲ್ಪ ವಿವರವಾಗಿ ಹೇಳಿ.

ಹಳೇ_ನಕಾಶೆ:
ಯುದ್ಧ ಶುರುವಾದಾಗ ಸಮುದ್ರದಲ್ಲಿ ಬ್ರಿಟಿಷರ ಕೈಗೆ ಸಿಕ್ಕಿಬೀಳೋ ಭಯಕ್ಕೆ ಎಹ್ರೆನ್‌ಫೆಲ್ಸ್, ಡ್ರಾಖೆನ್‌ಫೆಲ್ಸ್, ಬ್ರೌನ್‌ಫೆಲ್ಸ್ ಅಂತ ಮೂರು ಜರ್ಮನ್ ಸರಕಿನ ಹಡಗುಗಳು ಅಲ್ಲಿ ಆಶ್ರಯ ಪಡೆದ್ವು, ಆಮೇಲೆ ಇಟಲಿದೊಂದು ಸೇರ್ಕೊಂಡ್ತು. ಎಹ್ರೆನ್‌ಫೆಲ್ಸ್‌ನಲ್ಲಿ ಗುಟ್ಟಾಗಿ ರೇಡಿಯೋ ಇದೆ, ನಮ್ಮ ಹಡಗುಗಳ ಓಡಾಟ ಅಲ್ಲಿಂದ ಜರ್ಮನ್ ಸಬ್‌ಮರೀನ್‌ಗಳಿಗೆ ಹೋಗ್ತಿದೆ ಅಂತ ಬ್ರಿಟಿಷ್ ಗುಪ್ತಚರರ ಅನುಮಾನ. ಸೈನ್ಯ ಕಳಿಸಿದ್ರೆ ನ್ಯೂಟ್ರಲ್ ದೇಶದ ಮೇಲೆ ದಾಳಿ ಮಾಡಿದಂಗಾಗುತ್ತೆ. ಅದಕ್ಕೆ ಕಲ್ಕತ್ತಾ ಲೈಟ್ ಹಾರ್ಸ್ ಅನ್ನೋ ಸ್ವಯಂಸೇವಕರ ಪಡೆಯಿಂದ ವ್ಯಾಪಾರಿಗಳು, ಕಂಪನಿ ಲೆಕ್ಕ ನೋಡೋರು, ಹೆಚ್ಚಿನೋರು ನಡುವಯಸ್ಸು ದಾಟಿದವರು, ಅಂಥವರನ್ನ ಆರಿಸಿದ್ರು. ಹೂಳು ಸಾಗಿಸೋ ಫೀಬಿ ಅನ್ನೋ ಹಳೇ ಬಾರ್ಜ್‌ನಲ್ಲಿ 1943ರ ಮಾರ್ಚ್ 9ರ ರಾತ್ರಿ ಬಂದು ಎಹ್ರೆನ್‌ಫೆಲ್ಸ್ ಹತ್ತಿದ್ರು, ಕ್ಯಾಪ್ಟನ್ ಸೇರಿ ಐದು ಜನ ಜರ್ಮನ್ನರು ಸತ್ರು. ಹಡಗು ಶತ್ರುವಿಗೆ ಸಿಗಬಾರ್ದು ಅಂತ ಜರ್ಮನ್ನರೇ ಅದಕ್ಕೆ ಬೆಂಕಿ ಹಚ್ಚಿ ಮುಳುಗಿಸಿದ್ರು, ಬೆಂಕಿ ನೋಡಿ ಉಳಿದ ಮೂರರವರೂ ಹಂಗೇ ಮಾಡಿದ್ರು. ಸಿಬ್ಬಂದಿನೇ ಹಡಗು ಸುಟ್ರು ಅಂತ ಕೇಸಾಯ್ತು, ಬ್ರಿಟಿಷರ ಹೆಸರು ಹೊರಗೇ ಬರ್ಲಿಲ್ಲ. ಹೋದವರಿಗೆ ಒಂದು ಪದಕನೂ ಸಿಗ್ಲಿಲ್ಲ, ಮೂವತ್ತು ವರ್ಷಕ್ಕೂ ಮೇಲೆ ಬಾಯಿ ಬಿಡಂಗಿರ್ಲಿಲ್ಲ.

ಸಂಜೆ_ಓದು:
ಇದಕ್ಕೆ ಒಂದ್ಮಾತು ಸೇರಿಸ್ತೀನಿ, ಗೋವಾ ಮಾತ್ರ ನೋಡಿದ್ರೆ ಪೂರ್ತಿ ಅರ್ಥ ಆಗಲ್ಲ, ಪೋರ್ಚುಗಲ್ ರಾಜಧಾನಿ ಲಿಸ್ಬನ್ ನೋಡ್ಬೇಕು. ಬ್ರಿಟನ್ ಜೊತೆ ಪೋರ್ಚುಗಲ್ ಸ್ನೇಹ 1373ರಷ್ಟು ಹಳೇದು, ಆದ್ರೂ ಆಗ ಪೋರ್ಚುಗಲ್ ಆಳ್ತಿದ್ದ ಸಲಜಾರ್ ಎರಡೂ ಕಡೆಗೂ ವುಲ್ಫ್ರಮ್ (ಟಂಗ್‌ಸ್ಟನ್) ಅದಿರು ಮಾರ್ತಿದ್ದ, ಗಟ್ಟಿ ಉಕ್ಕಿಗೆ ಅದು ಬೇಕೇಬೇಕು. ಜರ್ಮನ್ನರು, ಬ್ರಿಟಿಷರು ಇಬ್ಬರ ಬೇಹುಗಾರರೂ ಲಿಸ್ಬನ್ ಹತ್ತಿರದ ಎಸ್ಟೊರಿಲ್ ಕಡೆ ಅದೇ ಹೋಟ್ಲು ಅದೇ ಕ್ಯಾಸಿನೋದಲ್ಲಿ ಓಡಾಡ್ತಿದ್ರು.

ನಂಗೆ ತುಂಬಾ ಇಷ್ಟವಾದ ಮನುಷ್ಯ ಅಂದ್ರೆ ಹುವಾನ್ ಪುಜೋಲ್, ಸ್ಪೇನಿನವನು, ಜರ್ಮನ್ನರ ಬೇಹುಗಾರನಂಗೆ ನಟಿಸ್ತಾ ಬ್ರಿಟಿಷರಿಗೆ ನೆರವಾದವನು. ನಾನು ಇಂಗ್ಲೆಂಡ್‌ನಲ್ಲಿದೀನಿ ಅಂತ ಜರ್ಮನ್ನರನ್ನ ನಂಬಿಸಿ, ಲಿಸ್ಬನ್‌ನಲ್ಲೇ ಕೂತು ಟೂರಿಸ್ಟ್ ಗೈಡ್ ನೋಡ್ಕೊಂಡು ವರದಿ ಕಳಿಸ್ತಿದ್ದ! ಗ್ಲಾಸ್ಗೋದ ಜನ ಒಂದು ಲೀಟರ್ ವೈನ್ ಸಿಕ್ರೆ ಏನು ಬೇಕಾದ್ರೂ ಮಾಡ್ತಾರೆ ಅಂತ ಬರೆದಿದ್ದ, ಅಲ್ಲಿನವರು ಕುಡಿಯೋದು ವಿಸ್ಕಿ ಬಿಯರ್, ಆದ್ರೂ ಜರ್ಮನ್ನರಿಗೆ ಅನುಮಾನ ಬರ್ಲಿಲ್ಲ. 1942ರಲ್ಲಿ ಬ್ರಿಟಿಷರು ಅವನನ್ನ ಲಂಡನ್‌ಗೆ ಕರೆಸ್ಕೊಂಡ್ರು. 1944ರಲ್ಲಿ ಫ್ರಾನ್ಸ್ ಕರಾವಳಿಯ ನಾರ್ಮಂಡಿ ಮೇಲಿನ ದಾಳಿ ಬರೀ ನೆಪ, ನಿಜವಾದ್ದು ಅಲ್ಲಿನ ಕ್ಯಾಲೆ ಬಂದರಿನ ಕಡೆ ಬರುತ್ತೆ ಅಂತ ಜರ್ಮನ್ನರನ್ನ ನಂಬಿಸಿದ್ರಲ್ಲಿ ಇವನ ಪಾಲು ದೊಡ್ಡದು.

ಕಡವಾಡ_ಹುಡುಗ:
ಇಬ್ಬರಿಗೂ ಥ್ಯಾಂಕ್ಸ್. ಸತ್ತ ಆ ಐದು ಜನ ಸೈನಿಕರಲ್ಲ, ಸರಕಿನ ಹಡಗಿನವರು ಅನ್ನೋದೇ ತಲೇಲಿ ಕೂತಿದೆ. ಮುಂದಿನ ಸಲ ಹೋದಾಗ ಆ ಬಂದರನ್ನ ಮೊದಲಿನಂಗೆ ನೋಡೋಕೆ ಆಗಲ್ಲ ನಂಗೆ.