ಮಳೆ ಹಿಡಿದ ಮೇಲೆ ಮರದ ನೆಲ ಉಬ್ಬಿ ಟೇಬಲ್ ಸಾ (ಮೇಜಿನ ಗರಗಸ ಯಂತ್ರ) ಕುಂಟುತ್ತಿದೆ, ದಾರಿ ಹೇಳಿ

ಫೋಂಡಾ ಕೀಸುಳಿ:
ನಮಸ್ಕಾರ. ಗೋವಾದ ನಮ್ಮ ಮನೆಯ ಕಾರ್ಯಾಗಾರಕ್ಕೆ ಬೇಸಿಗೆಯಲ್ಲಿ ಎತ್ತರಿಸಿದ ಮರದ ನೆಲ ಹಾಕಿದೆ. ಸಿಮೆಂಟಿನ ಮೇಲೆ ಹಗಲೆಲ್ಲ ನಿಂತರೆ ಮೊಣಕಾಲು ಹಿಡಿದುಕೊಳ್ಳುತ್ತದೆ, ಕೈಜಾರಿ ಬಿದ್ದ ಉಳಿಯ ಬಾಯಿಯೂ ಹಾಳಾಗುತ್ತದೆ. ಮೇ ಕೊನೆಯವರೆಗೆ ಅಚ್ಚುಕಟ್ಟಾಗಿತ್ತು. ಈಗ ನಡುಭಾಗ ಮೇಲೆದ್ದಿದೆ, ಕಾಲಿಟ್ಟರೆ ಕಿರುಗುಟ್ಟುತ್ತದೆ, ಒಳಕ್ಕೆ ತೆರೆಯುವ ಬಾಗಿಲು ಅರ್ಧಕ್ಕೇ ನಿಲ್ಲುತ್ತದೆ. ಹಲಗೆ ದೂಡುವಾಗ ಟೇಬಲ್ ಸಾ ಕುಂಟುವುದರಿಂದ ಕೊಯ್ತ ನೇರ ಬರುತ್ತಿಲ್ಲ. ಚೌತಿಗೆ ಮಾಟೋಳಿಯ (ಗಣಪತಿಯ ಮೇಲೆ ಹಣ್ಣು-ಕಾಯಿ ತೂಗುಹಾಕುವ ಮರದ ಚಪ್ಪರ) ಚೌಕಟ್ಟುಗಳನ್ನು ಮಾಡಿಕೊಡುವುದಾಗಿ ಒಪ್ಪಿಕೊಂಡಿದ್ದೇನೆ, ತಲೆ ಕೆಟ್ಟುಹೋಗಿದೆ. ಇನ್ನಷ್ಟು ಸ್ಕ್ರೂ ಹೊಡೆದರೆ ನೆಲ ಕೂರುತ್ತದೆಯೇ?

ಡೊಂಬಿವಲಿ ಗರಗಸ:
ಗೆದ್ದಲು. ಬೇರೇನೂ ಅಲ್ಲ. ಗೋವಾದ ಕೆಂಪು ಮಣ್ಣಿನಲ್ಲಿ ಮಳೆ ಬಿದ್ದ ಕೂಡಲೇ ಏಳುತ್ತದೆ. ಒಂದು ಹಲಗೆ ಕಿತ್ತು ನೋಡಿ, ಕೆಳಗೆ ಮಣ್ಣಿನ ಕೊಳವೆ ಕಾಣುತ್ತದೆ. ಗೋಡೆಯ ಬುಡಕ್ಕೆ ಗೆದ್ದಲಿನ ಮದ್ದು ಕ್ಲೋರ್‌ಪೈರಿಫಾಸ್ ಹಾಕಿಸಿ.

ಚಿಂಚವಡ ಬಾಚಿ:
ಗೆದ್ದಲು ಮರವನ್ನು ಟೊಳ್ಳು ಮಾಡಿ ಕುಸಿಯುವಂತೆ ಮಾಡುತ್ತದೆ, ಇಲ್ಲಿ ನೆಲ ಮೇಲೇರಿದೆ. ಕೀಸುಳಿಯವರೇ, ಕಾರ್ಯಾಗಾರ ನೆಲ ಅಂತಸ್ತಿನಲ್ಲಿದೆಯೇ? ಮೇಲೆ ಹಾಕಿದ್ದು ಪ್ಲೈವುಡ್ಡೋ ಹಲಗೆಯೋ? ಕೆಳಗಿನ ರೀಪು ಯಾವ ಮರದ್ದು, ಎಷ್ಟು ಅಂತರದಲ್ಲಿದೆ? ಗೋಡೆಯ ಬದಿಗೆ ಸಂದು ಬಿಟ್ಟಿದ್ದೀರಾ? ಇಷ್ಟು ತಿಳಿಯದೆ ಯಾರೂ ಏನೂ ಹೇಳಲಾಗದು.

ಫೋಂಡಾ ಕೀಸುಳಿ:
ಕಾರು ನಿಲ್ಲಿಸುತ್ತಿದ್ದ ಕೋಣೆ ಎಂದ ಮೇಲೆ ನೆಲ ಅಂತಸ್ತೇ ತಾನೆ? ಕೆಂಪುಕಲ್ಲಿನ ಗೋಡೆ, ಹಳೆಯ ಕಾಂಕ್ರೀಟ್ ನೆಲ. ರೀಪು ಮತ್ತಿ ಮರದ್ದು, ಎರಡು ಅಡಿಗೆ ಒಂದು. ಅದರ ಮೇಲೆ ಪಾಲಿಥಿನ್ ಹಾಳೆ, ಹಾಳೆಯ ಮೇಲೆ ಹಲಗೆ. ಪ್ಲೈವುಡ್ ಅಲ್ಲ, ಯಂತ್ರಗಳು ಬರುವ ಪೆಟ್ಟಿಗೆಗಳ ಪೈನ್ ಹಲಗೆಯನ್ನು ನಾಲಗೆ-ಗಾಡಿ ಹೊಡೆದು (ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರುವಂತೆ) ಬಿಗಿಯಾಗಿ ಜೋಡಿಸಿದ್ದೇನೆ. ಗೋಡೆಗೆ ಗೋಡೆ ಮುಟ್ಟಿಸಿದ್ದೇನೆ, ಸಂದು ಬಿಟ್ಟರೆ ಹೊಟ್ಟು ತುಂಬುತ್ತದೆ. ಎಲ್ಲ ಹಲಗೆಗೂ ಎಚ್‌ಟಿ (ಹುಳು ಸಾಯುವಂತೆ ಕಾಯಿಸಿದ ಮರ) ಮುದ್ರೆ ಇದೆ, ಹಾಗಾಗಿ ಗೆದ್ದಲಿನ ಮಾತು ಬೇಡ.

ಡೊಂಬಿವಲಿ ಗರಗಸ:
ಎಚ್‌ಟಿ ಮುದ್ರೆಯನ್ನು ನಂಬಿ ಕೂರಬೇಡಿ. ಮರದ ಒಳತಿರುಳನ್ನು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇರಿಸಿದರೆ ಆ ಮುದ್ರೆ ಸಿಗುತ್ತದೆ. ಹಡಗಿನಲ್ಲಿ ದೇಶದಿಂದ ದೇಶಕ್ಕೆ ಹುಳು ಹೋಗದಿರಲಿ ಎಂಬುದು ಅದರ ಉದ್ದೇಶ. ಆಮೇಲೆ ಬರುವ ಗೆದ್ದಲನ್ನು ಅದು ತಡೆಯುವುದಿಲ್ಲ. ನಾನು ಈಗಲೂ ಹೇಳುತ್ತೇನೆ, ಒಂದು ಹಲಗೆ ಕಿತ್ತು ಚಿತ್ರ ಹಾಕಿ.

ಚಿಂಚವಡ ಬಾಚಿ:
ಮುದ್ರೆಯ ಬಗ್ಗೆ ಗರಗಸದವರು ಹೇಳಿದ್ದು ಸರಿ. ಜೊತೆಗೆ, ಕಾಯಿಸಿದ ಮರ ಒಣಗಿದ ಮರವೆಂದೂ ಅರ್ಥವಲ್ಲ. ಆದರೆ ರೋಗ ಇರುವುದು ಬೇರೆ ಕಡೆ. ಹಲಗೆ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕಿಲ್ಲ, ಅಗಲಕ್ಕೆ ಹಿಗ್ಗುತ್ತದೆ. ತೇವಾಂಶ ಶೇ 1ರಷ್ಟು ಏರಿದರೆ ಪೈನ್ ಅಗಲದಲ್ಲಿ ಸುಮಾರು ಶೇ 0.2 ಬೆಳೆಯುತ್ತದೆ ಎಂದಿಟ್ಟುಕೊಳ್ಳಿ. ಕರಾವಳಿಯ ಬೇಸಿಗೆಯಿಂದ ಆಷಾಢಕ್ಕೆ ಬರುವಷ್ಟರಲ್ಲಿ ಮರದ ತೇವಾಂಶ ಶೇ 5ರಷ್ಟಾದರೂ ಏರುತ್ತದೆ. ಕೋಣೆ 3 ಮೀಟರ್ ಅಗಲವಿದ್ದರೆ ಹಲಗೆಗಳೆಲ್ಲ ಸೇರಿ 30 ಮಿಲಿಮೀಟರ್ ಬೆಳೆಯಲು ನೋಡುತ್ತವೆ. ಎರಡೂ ಕಡೆ ಗೋಡೆ. ಮೇಲೇಳದೆ ಎಲ್ಲಿಗೆ ಹೋಗಬೇಕು? ಸ್ಕ್ರೂ ಹೆಚ್ಚಿಸಿದರೆ ರೀಪನ್ನೂ ಎತ್ತಿಕೊಂಡು ಏಳುತ್ತದೆ, ಇಲ್ಲವೇ ಹಲಗೆ ಸೀಳುತ್ತದೆ.

ಇನ್ನು ಹಾಳೆ. ಅದು ರೀಪಿನ ಕೆಳಗೆ, ಕಾಂಕ್ರೀಟಿಗೆ ಅಂಟಿಕೊಂಡು ಇರಬೇಕು. ರೀಪಿನ ಮೇಲೆ ಹಾಕಿದರೆ ನೆಲದಿಂದ ಏರುವ ತೇವ ರೀಪಿನ ಸುತ್ತಲೇ ಬಂದಿಯಾಗುತ್ತದೆ.

ಫೋಂಡಾ ಕೀಸುಳಿ:
ಹಾಳೆ ರೀಪಿನ ಮೇಲಿದ್ದರೆ ಹಲಗೆಗೆ ತೇವ ತಾಗುವುದಿಲ್ಲ ಎಂಬುದು ನನ್ನ ಲೆಕ್ಕ. ಹಲಗೆಯ ಹೊಟ್ಟೆ ಒಣಗಿಯೇ ಇದೆ.

ಚಿಂಚವಡ ಬಾಚಿ:
ಹಲಗೆಗೆ ಗಾಳಿಯ ತೇವವೇ ಸಾಕು, ಅದು ಮೇಲಿನಿಂದ ಬರುತ್ತದೆ. ಹಾಳೆಯ ಕೆಳಗಿರುವ ರೀಪಿಗೆ ಕಾಂಕ್ರೀಟಿನ ತೇವ. ಎರಡೂ ಬೇರೆ ಬೇರೆ ತೊಂದರೆ, ಎರಡಕ್ಕೂ ಮದ್ದು ಬೇರೆ.

ಮಡಗಾಂವ್ ಸಾಗುವಾನಿ:
ಪೆಟ್ಟಿಗೆ ಮರದಲ್ಲಿ ನೆಲ ಹಾಕುವುದೇ ಬೇಡವಿತ್ತು. 18 ಮಿಲಿಮೀಟರ್ ಮರೀನ್ ಪ್ಲೈವುಡ್ ಹಾಕಿ, ನೀರಿನಲ್ಲಿ ಬಿದ್ದರೂ ಏನೂ ಆಗದು.

ಡೊಂಬಿವಲಿ ಗರಗಸ:
ಆಗುತ್ತದೆ ಸ್ವಾಮಿ. ಮರೀನ್ ಪ್ಲೈವುಡ್ಡಿನ ಐಎಸ್ 710 (ಭಾರತೀಯ ಮಾನಕ) ಮುದ್ರೆ ಮುಖ್ಯವಾಗಿ ಹೇಳುವುದು ಅಂಟಿನ ಬಗ್ಗೆ. ಕುದಿಸಿದರೂ ಪದರ ಬಿಡುವುದಿಲ್ಲ. ಒಳಗಿನ ಮರ ನೀರು ಕುಡಿಯುತ್ತದೆ. ಕಾರ್ಯಾಗಾರದ ನೆಲಕ್ಕೆ ಸಾಮಾನ್ಯ ಪ್ಲೈವುಡ್ಡಿನ ಐಎಸ್ 303 ಮಾನಕದ ಬಿಡಬ್ಲ್ಯುಆರ್ (ಕುದಿನೀರು ತಾಳುವ) ದರ್ಜೆ ಧಾರಾಳ ಸಾಕು, ದುಡ್ಡು ಉಳಿಯುತ್ತದೆ.

ಮಡಗಾಂವ್ ಸಾಗುವಾನಿ:
ಮುಂಬೈಯ ಮಹಡಿ ಮನೆಯಲ್ಲಿ ಕುಳಿತು ಗೋವಾದ ಮಳೆಗೆ ಏನು ಸಾಕು ಎಂದು ಹೇಳಬೇಡಿ. ನಮ್ಮಲ್ಲಿ ಅಲಮಾರಿಯೊಳಗಿನ ಚರ್ಮದ ಚಪ್ಪಲಿಗೂ ಬೂಸು ಹಿಡಿಯುತ್ತದೆ.

ಡೊಂಬಿವಲಿ ಗರಗಸ:
ಮಹಡಿ ಮನೆಯಾದರೂ ನನ್ನ ನೆಲ ನೋಡಿ ಮಾತಾಡಿ. 12 ಮಿಲಿಮೀಟರ್ ಬಿಡಬ್ಲ್ಯುಆರ್ ಎರಡು ಪದರ, ಮೇಲಿನ ಹಾಳೆಯ ಸಂದು ಕೆಳಗಿನ ಸಂದಿನ ಮೇಲೆ ಬಾರದಂತೆ. ಕೆಳಗೆ ರಬ್ಬರ್ ಚಾಪೆ. ಮುಂಬೈಯ ರೇ ರೋಡಿನಿಂದ ತಂದ ಹಳೆಯ ಸಾಗುವಾನಿ ತೊಲೆಯಲ್ಲಿ ಮಾಡಿದ ಕೆಲಸದ ಮೇಜು, ಚಕ್ರದ ಮೇಲೆ ಬ್ಯಾಂಡ್ ಸಾ. ರಂದಾ ಯಂತ್ರ ಓಡಿದರೂ ಕೆಳಗಿನ ಮನೆಯವರು ಬಾಗಿಲು ಬಡಿದಿಲ್ಲ. ಸಂಜೆ ಕೆಲಸದಿಂದ ಬಂದು ಅದರ ಮೇಲೆ ಬರಿಗಾಲಿನಲ್ಲಿ ನಿಂತರೆ ಲೋಕಲ್ ರೈಲಿನ ನೂಕುನುಗ್ಗಲೆಲ್ಲ ಮರೆತುಹೋಗುತ್ತದೆ.

ಚಿಂಚವಡ ಬಾಚಿ:
ನನಗೆ ಮರದ ನೆಲವೇ ಬೇಕಾಗಿಲ್ಲ. ಪುಣೆಯ ಹಳೆಯ ಮನೆ, ಶಹಾಬಾದ್ ಫರ್ಸಿ. ನಮ್ಮ ಕಲಬುರಗಿ ಜಿಲ್ಲೆಯ ಕಲ್ಲು, ಎಷ್ಟು ಭಾರ ಇಟ್ಟರೂ ಅಲುಗದು. ನಿಲ್ಲುವ ಜಾಗಕ್ಕೆ ಮಾತ್ರ ರಬ್ಬರ್ ಚಾಪೆ ಹಾಸಿದ್ದೇನೆ. ಆದರೆ ಇದು ಕೀಸುಳಿಯವರ ಪ್ರಶ್ನೆಯಲ್ಲ, ಅವರಿಗೆ ಚೌತಿ ಹತ್ತಿರ ಬರುತ್ತಿದೆ.

ಈಗಲೇ ಮಾಡಬೇಕಾದದ್ದು ಹೀಗೆ: ಕೈಗರಗಸ ಯಂತ್ರದ ಆಳವನ್ನು ಹಲಗೆಯ ದಪ್ಪಕ್ಕಷ್ಟೇ ಇಟ್ಟು, ಹಲಗೆಗಳ ಉದ್ದಕ್ಕೆ ಸಮಾನಾಂತರವಾಗಿರುವ ಎರಡೂ ಗೋಡೆಗಳ ಬದಿಯಲ್ಲಿ 15 ಮಿಲಿಮೀಟರ್ ಪಟ್ಟಿ ಕೊಯ್ದು ತೆಗೆಯಿರಿ. ಮೊಳೆ-ಸ್ಕ್ರೂ ನೋಡಿಕೊಂಡು ನಿಧಾನಕ್ಕೆ ದೂಡಿ. ಒತ್ತಡದಲ್ಲಿರುವ ಮರ ಅಲಗನ್ನು ಹಿಡಿದು ಯಂತ್ರವನ್ನೇ ನಿಮ್ಮ ಕಡೆಗೆ ಒದೆಯಬಹುದು. ಸಂದಿಗೆ ಸ್ಕರ್ಟಿಂಗ್ (ಗೋಡೆಯ ಬುಡದ ಪಟ್ಟಿ) ಮುಚ್ಚಿ, ಆದರೆ ಸ್ಕ್ರೂ ಗೋಡೆಗೆ ಹೊಡೆಯಿರಿ, ನೆಲಕ್ಕಲ್ಲ. ಟೇಬಲ್ ಸಾದ ಕಾಲುಗಳು ಬರುವಲ್ಲಿ ಹಲಗೆಗೆ ತೂತು ಮಾಡಿ, ಕಾಂಕ್ರೀಟಿನ ಮೇಲೆ ಗಟ್ಟಿ ಮರದ ತುಂಡು ಇಟ್ಟು ಯಂತ್ರವನ್ನು ಅದರ ಮೇಲೆ ನಿಲ್ಲಿಸಿ. ಆಗ ನೆಲ ಏನಾದರೂ ಆಗಲಿ, ಕೊಯ್ತ ನೇರ ಬರುತ್ತದೆ.

ಫೋಂಡಾ ಕೀಸುಳಿ:
ಒಂದು ಬದಿ ಕೊಯ್ದೆ. ಅರ್ಧ ದಾರಿಗೆ ಬರುವಷ್ಟರಲ್ಲಿ ಸಂದು ಮುಚ್ಚಿಕೊಂಡು ಅಲಗು ಸಿಕ್ಕಿತು, ಬೆಣೆ ಹಾಕಿ ಮುಂದುವರಿಸಿದೆ. ಉಬ್ಬು ಪೂರ್ತಿ ಇಳಿದಿಲ್ಲ, ಆದರೆ ಬಾಗಿಲು ತೆರೆಯುತ್ತಿದೆ. ಸಾ ಕಾಂಕ್ರೀಟಿನ ಮೇಲೆ ಗಟ್ಟಿಯಾಗಿ ಕೂತಿದೆ, ಮಾಟೋಳಿಯ ಕೆಲಸ ಶುರುವಾಗಿದೆ. ತೂತಿನಲ್ಲಿ ಕೈಹಾಕಿ ನೋಡಿದರೆ ರೀಪಿನ ಹೊಟ್ಟೆ ಕಪ್ಪಾಗಿದೆ, ಮುಟ್ಟಿದರೆ ತಣ್ಣಗೆ ಪಸೆ.

ಡೊಂಬಿವಲಿ ಗರಗಸ:
ಮಣ್ಣಿನ ಕೊಳವೆ ಕಂಡಿತೇ?

ಫೋಂಡಾ ಕೀಸುಳಿ:
ಇಲ್ಲ.

ಚಿಂಚವಡ ಬಾಚಿ:
ಹಾಗಾದರೆ ಇನ್ನೊಂದು ಬದಿಯನ್ನೂ ಕೊಯ್ದು, ಹಬ್ಬ ಮುಗಿಸಿ. ದಸರೆ ಕಳೆದು ಬಿಸಿಲು ಬಂದ ಮೇಲೆ ಎಲ್ಲ ಬಿಚ್ಚಿ ಮರ ಒಣಗಿಸಿ. ಕಾಂಕ್ರೀಟಿನ ಮೇಲೆ ಒಂದೂವರೆ ಅಡಿ ಚೌಕದ ಪಾಲಿಥಿನ್ ತುಂಡನ್ನು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ದಿನ ಬಿಡಿ. ಒಳಗೆ ಹನಿ ಕಟ್ಟಿದರೆ ಅಥವಾ ಕಾಂಕ್ರೀಟ್ ಕಪ್ಪಾದರೆ ತೇವ ಕೆಳಗಿನಿಂದ ಬರುತ್ತಿದೆ ಎಂದರ್ಥ. ಮರುಜೋಡಿಸುವಾಗ ಹೇಗೂ 150 ಮೈಕ್ರಾನಿಗೆ ಕಡಿಮೆಯಿಲ್ಲದ ಹಾಳೆಯನ್ನು ಮೊದಲು ಹಾಸಿ, ಗೋಡೆಯ ಮೇಲೂ ಸ್ವಲ್ಪ ಏರಿಸಿ. ರೀಪು 400 ಮಿಲಿಮೀಟರಿಗೆ ಒಂದು ಬರಲಿ, ಎರಡು ಅಡಿ ತೀರಾ ದೂರ.

ಮಡಗಾಂವ್ ಸಾಗುವಾನಿ:
ಕೆಂಪುಕಲ್ಲಿನ ಗೋಡೆಯ ಹೊರಬದಿಗೆ ಗಾರೆ ಇದೆಯೇ? ಇಲ್ಲದಿದ್ದರೆ ಗೋಡೆಯೂ ನೀರು ಕುಡಿದಿರುತ್ತದೆ. ನೆಲ ಬಿಚ್ಚುವ ಮೊದಲು ಅದನ್ನೊಮ್ಮೆ ನೋಡಿ ತಿಳಿಸಿ.