ಹೈಬ್ರಿಡ್ ಕಾರಿನ ಸಣ್ಣ ಬ್ಯಾಟರಿಗೆ ಟ್ರೈಲರ್ ಲೈಟ್ ಕೊಡಬಹುದಾ?

ಕೌಲ್‌ಬಜಾರ್ ಜೀನ್ಸ್: ಬಳ್ಳಾರಿಯಲ್ಲಿ ನನ್ನದು ಆರು ಮಿಷನ್ನಿನ ಜೀನ್ಸ್ ಹೊಲಿಗೆ ಘಟಕ. ಸಿರುಗುಪ್ಪ, ಸಿಂಧನೂರಿನ ಅಂಗಡಿಗಳಿಗೆ ಬಂಡಲ್ ಹಾಕಿ ಬರಲು ಎರಡು ಗಾಲಿಯ ಸಣ್ಣ ಟ್ರೈಲರ್ ಮಾಡಿಸಿದ್ದೇನೆ. ಎಳೆಯುವುದು ಸೆಕೆಂಡ್ ಹ್ಯಾಂಡ್ ಟೊಯೋಟಾ ಪ್ರಿಯಸ್, ಮೂರನೇ ತಲೆಮಾರಿನದು. ಇಲ್ಲಿನ ಒಂದು ಗ್ಯಾರೇಜಿನವರು ಕಾರಿನ ಹಿಂದಿನ ಲೈಟಿನ ವೈರ್ ಸುಲಿದು, ಅದಕ್ಕೇ ಟ್ರೈಲರ್ ಬಲ್ಬಿನ ವೈರ್ ಸುತ್ತಿ ಟೇಪ್ ಹಾಕಿ ಕಳಿಸಿದರು. ಈಗ ಬ್ರೇಕ್ ತುಳಿದರೆ ಟ್ರೈಲರಿನ ಇಂಡಿಕೇಟರ್ ಮಂಕಾಗುತ್ತದೆ. ಬ್ಯಾಟರಿಯಿಂದಲೇ ನೇರ ಲೈನ್ ತೆಗೆಯೋಣ ಅಂತ ಬಾನೆಟ್ ಎತ್ತಿದರೆ ಅಲ್ಲಿ ಬ್ಯಾಟರಿಯೇ ಇಲ್ಲ! ಎಲ್ಲಿದೆ, ಹೇಗೆ ತಲುಪುವುದು? ಮುಟ್ಟಿದರೆ ಶಾಕ್ ಹೊಡೆಯುತ್ತದಾ?

ಬಿಳಿಬೋರ್ಡ್: ಮೊದಲು ಕಾನೂನು ಓದಿ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೈಲರ್ ಅಂದರೆ ಬೇರೆಯದೇ ವಾಹನ. ಅದಕ್ಕೂ ನೋಂದಣಿ ಬೇಕು. ಗಾಡಿಯ ಮೂಲ ರಚನೆ ಬದಲಿಸುವುದನ್ನು ತಡೆಯಲು 52ನೇ ಕಲಂ ಇದೆ. ಅದರ ಮೇಲೆ ಬಿಳಿ ಬೋರ್ಡಿನ ಕಾರಿನಲ್ಲಿ ವ್ಯಾಪಾರದ ಸರಕು. ಲೈಟ್ ಆಮೇಲೆ ನೋಡೋಣ.

ಶಕ್ತಿನಗರ ವೈರ್‌ಮನ್: ಕೇಳಿದ್ದು ಬ್ಯಾಟರಿ ಎಲ್ಲಿದೆ ಅಂತ, ಕಲಂ ಎಲ್ಲಿದೆ ಅಂತ ಅಲ್ಲ.

ತಮ್ಮಾ, ನಿನ್ನ ಕಾರಿನಲ್ಲಿ 12 ವೋಲ್ಟ್ ಬ್ಯಾಟರಿ ಡಿಕ್ಕಿಯಲ್ಲಿದೆ. ಬಲಗಡೆ ಮೂಲೆ. ನೆಲದ ಹಲಗೆ ಎತ್ತು, ಸಾಮಾನಿಡುವ ಪ್ಲಾಸ್ಟಿಕ್ ಪೆಟ್ಟಿಗೆ ತೆಗೆ, ಬಲಗಡೆಯ ಮುಚ್ಚಳ ತೆಗೆ. ಕಾಣುತ್ತದೆ. ದೊಡ್ಡ ಬ್ಯಾಟರಿ ಬೇರೆ, ಹಿಂದಿನ ಸೀಟಿನ ಬೆನ್ನಿಗೇ ಇದೆ, 201.6 ವೋಲ್ಟ್. ಅದರ ಕೇಬಲ್ ಕಿತ್ತಳೆ ಬಣ್ಣ. ಕಿತ್ತಳೆ ಕಂಡರೆ ಕೈ ಹಿಂದಕ್ಕೆ.

ಗ್ಯಾರೇಜಿನವರು ಮಾಡಿದ್ದು ತಪ್ಪು. ಆ ಕಾರಿನ ಬ್ರೇಕ್ ಲೈಟು ಎಲ್‌ಇಡಿ. ಅದರ ವೈರ್ ಇರುವುದು ಚೂರುಪಾರು ಕರೆಂಟಿಗೆ. ಅದಕ್ಕೆ 21 ವಾಟಿನ ಎರಡು ಬಲ್ಬ್ ಕಟ್ಟುವುದು ಅಂದರೆ ಆಡಿನ ಮೇಲೆ ಎತ್ತಿನ ನೊಗ ಇಟ್ಟಂತೆ. ಲೈಟಿನ ವೈರಿನಿಂದ ಸಿಗ್ನಲ್ ಮಾತ್ರ ತಗೋ. ಪವರ್ ಬ್ಯಾಟರಿಯಿಂದ ತಗೋ. ನಡುವೆ ಒಂದು ಟ್ರೈಲರ್ ಮಾಡ್ಯೂಲ್, ಇಲ್ಲವಾದರೆ ನಾಲ್ಕು ರಿಲೇ, ಅಂದರೆ ಸಣ್ಣ ಸಿಗ್ನಲ್ಲಿಗೆ ದೊಡ್ಡ ಕರೆಂಟು ಬಿಡುವ ಸ್ವಿಚ್. ಬ್ಯಾಟರಿ ಹತ್ತಿರವೇ 15 ಆಂಪಿಯರ್ ಫ್ಯೂಸ್.

ಇನ್ನೊಂದು, ಇದು ಮುಖ್ಯ. ಮೈನಸ್ ಬಿಚ್ಚಿದ ಮೇಲೆ ಡಿಕ್ಕಿ ಬಾಗಿಲು ಮುಚ್ಚಬೇಡ. ಅದರ ಲಾಕ್ ತೆಗೆಯುವುದು ಅದೇ ಬ್ಯಾಟರಿಯ ಕರೆಂಟು.

ಗಂಗಾವತಿ ಗರಂ: 15 ಆಂಪಿಯರ್ ಅಂತೆ! ಆ ಸಣ್ಣ ಬ್ಯಾಟರಿ ಇಂಜಿನ್ ಸ್ಟಾರ್ಟ್ ಮಾಡಬೇಕು. ಅದರಿಂದ 15 ಕಿತ್ತುಕೊಂಡರೆ ದಾರಿಯಲ್ಲಿ ನಿಲ್ಲುತ್ತದೆ.

ಮಲ್ಟಿಮೀಟರ್ ಮಾವ: ಆ ಬ್ಯಾಟರಿ ಇಂಜಿನ್ ಸ್ಟಾರ್ಟ್ ಮಾಡುವುದೇ ಇಲ್ಲ. ದೊಡ್ಡ ಬ್ಯಾಟರಿಯ ಬಲದಿಂದ ಮೋಟಾರ್ ತಿರುಗಿ ಇಂಜಿನ್ ಎಬ್ಬಿಸುತ್ತದೆ. ಸಣ್ಣದು ಕಂಪ್ಯೂಟರ್ ಎಬ್ಬಿಸಿ, ರಿಲೇ ಕೂಡಿಸುತ್ತದೆ ಅಷ್ಟೇ.

ಗಂಗಾವತಿ ಗರಂ: ಸಣ್ಣದು ಸತ್ತರೆ ಕಾರು ಏಳುತ್ತದಾ? ಇಲ್ಲ. ಅಂದರೆ ಸ್ಟಾರ್ಟ್ ಮಾಡುವುದು ಅದೇ. ಮುಗೀತು.

ಮಲ್ಟಿಮೀಟರ್ ಮಾವ: ಮನೆ ಕೀಲಿ ಕಳೆದರೆ ಅಡುಗೆ ಆಗಲ್ಲ. ಹಾಗಂತ ಅಡುಗೆ ಮಾಡುವುದು ಕೀಲಿಯಾ?

ಮತ್ತೆ 15 ಅನ್ನುವುದು ಫ್ಯೂಸಿನ ಲೆಕ್ಕ, ಎಳೆಯುವ ಲೆಕ್ಕ ಅಲ್ಲ. ಬ್ರೇಕ್ 21 ವಾಟಿನವು ಎರಡು, ಇಂಡಿಕೇಟರ್ 21ರವು ಎರಡು, ಟೇಲ್ 5ರವು ಎರಡು, ನಂಬರ್ ಪ್ಲೇಟಿಗೆ 5. ಹಜಾರ್ಡ್ ಹಾಕಿ ಬ್ರೇಕ್ ತುಳಿದರೂ 99 ವಾಟ್. 12ರಿಂದ ಭಾಗಿಸಿದರೆ 8.25 ಆಂಪಿಯರ್. ಗಾಡಿ ರೆಡಿ ಮೋಡಿನಲ್ಲಿ, ಅಂದರೆ ಆನ್ ಆಗಿ ಓಡಲು ಸಿದ್ಧ ಇದ್ದರೆ ಅದು ಬ್ಯಾಟರಿಯಿಂದಲೂ ಹೋಗಲ್ಲ. ಈ ಕಾರಿಗೆ ಆಲ್ಟರ್ನೇಟರ್ ಇಲ್ಲ. ಡಿಸಿ-ಡಿಸಿ ಕನ್ವರ್ಟರ್ ದೊಡ್ಡ ಬ್ಯಾಟರಿಯಿಂದ ಇಳಿಸಿ ಕೊಡುತ್ತದೆ.

ಬಿಳಿಬೋರ್ಡ್: ರೆಡಿಯಲ್ಲಿದ್ದರೆ 12 ಅಲ್ಲ, 14ರ ಆಸುಪಾಸು ಇರುತ್ತದೆ. ನಿಮ್ಮ 8.25 ಅಲ್ಲಿಗೇ ತಪ್ಪು.

ಗಂಗಾವತಿ ಗರಂ: ನೋಡಿ, ಅವರವರಲ್ಲೇ ಲೆಕ್ಕ ಕೂಡುತ್ತಿಲ್ಲ. ಒಂದು ಮಾತು ಹೇಳುತ್ತೇನೆ. ತೆಕ್ಕಲಕೋಟೆ ದಾಟಿ ಸಿರುಗುಪ್ಪ ಕಡೆ ರಾತ್ರಿ ಹೋಗಿ. ಭತ್ತ ತುಂಬಿದ ಟ್ರ್ಯಾಕ್ಟರ್ ಟ್ರಾಲಿಗಳು ಸಾಲು. ಒಂದಕ್ಕೂ ಹಿಂದೆ ಲೈಟ್ ಇಲ್ಲ. ಇವನು ನಾಲ್ಕು ಪ್ಯಾಂಟ್ ಸಾಗಿಸಲು ರಿಲೇ, ಮಾಡ್ಯೂಲ್ ಅಂತೆ. ಸುಮ್ನೆ ರೇಡಿಯಂ ಅಂಟಿಸಿ ಹೋಗಪ್ಪಾ.

ತೆಕ್ಕಲಕೋಟೆ ರೈತ: "ಒಂದಕ್ಕೂ ಲೈಟ್ ಇಲ್ಲ" ಅಂದೆಯಲ್ಲ, ಎಣಿಸಿದ್ದೀಯಾ? ನನ್ನ ಟ್ರಾಲಿಗೆ ಇದೆ. ತಿನ್ನುವ ಸೋನಾ ಮಸೂರಿ ನಮ್ಮದು, ಬೈಗುಳವೂ ನಮಗೇ.

ಸಿಂಧನೂರು ಎಕ್ಸ್‌ಪ್ರೆಸ್: ಇದೆ ಅನ್ನುವುದು ಬೇರೆ, ಉರಿಯುತ್ತದೆ ಅನ್ನುವುದು ಬೇರೆ. ಕಳೆದ ಸುಗ್ಗಿಯಲ್ಲಿ ನನ್ನ ಬೈಕ್ ಒಂದು ಟ್ರಾಲಿ ಕೆಳಗೆ ಹೋಗುವುದು ಗೇಣಿನಲ್ಲಿ ತಪ್ಪಿತು. ರಸ್ತೆ ಮಧ್ಯೆ ನಿಂತಿತ್ತು. ಹಿಂದೆ ಒಂದು ಮಿಣುಕೂ ಇಲ್ಲ. ಚಾಲಕ ಚಹಾ ಕುಡಿಯುತ್ತಿದ್ದ.

ತೆಕ್ಕಲಕೋಟೆ ರೈತ: ಚಹಾ ಕುಡಿಯುವುದೂ ತಪ್ಪಾ ಈಗ?

ಸಿಂಧನೂರು ಎಕ್ಸ್‌ಪ್ರೆಸ್: ನಾನು ಸಾಯುತ್ತಿದ್ದೆ ಅಂದರೆ ನಿನಗೆ ಚಹಾ ಕಂಡಿತು!

ಬಿಳಿಬೋರ್ಡ್: 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ರಿಫ್ಲೆಕ್ಟರಿಗೆ ಅಂತಲೇ 104ನೇ ನಿಯಮ ಇದೆ. ರೈತರಿಗೆ ಕಾನೂನು ಬೇರೆ ಇಲ್ಲ.

ತೆಕ್ಕಲಕೋಟೆ ರೈತ: ನಿಯಮ ಬರೆದವರು ಕೆಸರುಗದ್ದೆಗೆ ಇಳಿದಿದ್ದಾರಾ? ಕೇಳು. ಟ್ರ್ಯಾಕ್ಟರಿನ ಹಿಂದೆ ಏಳು ಪಿನ್ನಿನ ಸಾಕೆಟ್ ಇರುತ್ತದೆ. ಟ್ರಾಲಿಗೂ ಲೈಟ್ ಹಾಕಿಸುತ್ತೇವೆ. ಮೊದಲ ಗದ್ದೆಯಲ್ಲೇ ವೈರ್ ಕೆಸರಲ್ಲಿ ಎಳೆದಾಡಿ ಕಿತ್ತು ಬರುತ್ತದೆ. ಉಳಿದದ್ದನ್ನು ಇಲಿ ಕಡಿಯುತ್ತದೆ. ಒಂದು ಟ್ರಾಲಿಯನ್ನು ಮೂರು ಟ್ರ್ಯಾಕ್ಟರ್ ಎಳೆಯುತ್ತವೆ, ಪ್ಲಗ್ ಒಂದಕ್ಕೊಂದು ಕೂಡಲ್ಲ. ಎಲ್ಲ ಸರಿ ಇದ್ದರೂ ಹುಲ್ಲು ಹೇರಿದರೆ ಲೈಟೇ ಮುಚ್ಚಿಹೋಗುತ್ತದೆ. ಕಾರಿನಲ್ಲಿ ಎಸಿ ಹಾಕಿ ಕೂತವರಿಗೆ ಇದೆಲ್ಲ ಗೊತ್ತಾಗಲ್ಲ.

ಸಿಂಧನೂರು ಎಕ್ಸ್‌ಪ್ರೆಸ್: ನನ್ನದು ಬೈಕ್. ಬೈಕಿಗೆ ಎಸಿ ಬಂದಿದೆಯಾ?

ಶಕ್ತಿನಗರ ವೈರ್‌ಮನ್: ಪ್ಲಗ್ ಕೂಡಲ್ಲ ಅನ್ನುವ ಮಾತಿಗೆ ಮಾತ್ರ ಉತ್ತರ ಕೊಡುತ್ತೇನೆ. ಏಳು ಪಿನ್ನಿಗೆ ಕ್ರಮ ಇದೆ. 1 ಹಳದಿ ಎಡ ಇಂಡಿಕೇಟರ್, 2 ನೀಲಿ ಮಂಜಿನ ಲೈಟ್, 3 ಬಿಳಿ ಅರ್ತ್ (ಕರೆಂಟು ವಾಪಸ್ ಹೋಗುವ ದಾರಿ), 4 ಹಸಿರು ಬಲ ಇಂಡಿಕೇಟರ್, 5 ಕಂದು ಬಲ ಟೇಲ್, 6 ಕೆಂಪು ಬ್ರೇಕ್, 7 ಕಪ್ಪು ಎಡ ಟೇಲ್. ಇದನ್ನು ಬಿಟ್ಟು ಒಬ್ಬೊಬ್ಬ ಮಿಸ್ತ್ರಿ ಒಂದೊಂದು ಬಣ್ಣ ಹಾಕಿದರೆ ಹೇಗೆ ಕೂಡುತ್ತದೆ? ತಪ್ಪು ಪ್ಲಗ್ಗಿನದಲ್ಲ.

ಜೀನ್ಸ್ ತಮ್ಮಾ, ಬ್ರೇಕ್ ತುಳಿದರೆ ಇಂಡಿಕೇಟರ್ ಮಂಕಾಗುವುದು ಬಹುತೇಕ ಅರ್ತ್ ಸಮಸ್ಯೆ. 3ನೇ ಪಿನ್ನಿನ ಬಿಳಿ ವೈರ್ ನೋಡು. ಕೊಂಡಿಯ ಕಬ್ಬಿಣದ ಮೇಲೆ ಅರ್ತ್ ಬಿಟ್ಟಿದ್ದರೆ ತುಕ್ಕು, ಗ್ರೀಸ್ ಕೆಲಸ ಕೆಡಿಸಿರುತ್ತದೆ.

ಕೌಲ್‌ಬಜಾರ್ ಜೀನ್ಸ್: ಅಣ್ಣಾ, ಬಿಳಿ ವೈರೇ ಇಲ್ಲ. ಎಲ್ಲಾ ಕಪ್ಪು. 🙏 ಬ್ಯಾಟರಿ ನಟ್ಟಿಗೆ ಎಷ್ಟನೇ ಸ್ಪ್ಯಾನರ್?

ಗಂಗಾವತಿ ಗರಂ: ಎಲ್ಲಾ ಕಪ್ಪು ಅಂತೆ. ಇದನ್ನು ಇಟ್ಟುಕೊಂಡು ರೈತರಿಗೆ ಪಾಠ!

ಮಲ್ಟಿಮೀಟರ್ ಮಾವ: ರೈತರಿಗೆ "ಒಂದಕ್ಕೂ ಲೈಟ್ ಇಲ್ಲ" ಅಂತ ಶುರು ಮಾಡಿದ್ದು ಯಾರು? ಮೇಲೆ ಹೋಗಿ ಓದಿಕೊಳ್ಳಿ.

ಗಂಗಾವತಿ ಗರಂ: ನಾನು ರೈತರ ಪರವಾಗಿಯೇ ಹೇಳಿದ್ದು. ಅವರು ಲೈಟಿಲ್ಲದೆ ಓಡಿಸುತ್ತಾರೆ, ಏನೂ ಆಗಿಲ್ಲ ಅಂತ.

ಸಿಂಧನೂರು ಎಕ್ಸ್‌ಪ್ರೆಸ್: ಏನೂ ಆಗಿಲ್ಲವಾ? ಸುಗ್ಗಿ ತಿಂಗಳಲ್ಲಿ ಯಾವುದಾದರೂ ತಾಲೂಕು ಆಸ್ಪತ್ರೆ ಮುಂದೆ ಒಂದು ರಾತ್ರಿ ನಿಂತು ನೋಡು. ಬಾಯಿ ಇದೆ ಅಂತ ಮಾತಾಡಬೇಡ.

ತೆಕ್ಕಲಕೋಟೆ ರೈತ: ಬಾಯಿ ಬಿಗಿ ಹಿಡಿ. ನಮ್ಮ ಪರ ಮಾತಾಡಲು ಗಂಗಾವತಿಯವನೂ ಬೇಡ, ಬೈಯಲು ಸಿಂಧನೂರಿನವನೂ ಬೇಡ.

ಬಿಳಿಬೋರ್ಡ್: ಮಾಡ್ಯೂಲ್, ರಿಲೇ ಎಲ್ಲ ಸರಿ. ಎಳೆಯುವ ತೂಕದ ಬಗ್ಗೆ ಒಬ್ಬರೂ ಮಾತಾಡಿಲ್ಲ. ಆ ಕಾರು ಟ್ರೈಲರ್ ಎಳೆಯಲು ಮಾಡಿದ್ದೇ ಅಲ್ಲ. ಕೊಂಡಿ ಕಿತ್ತು ಬಂದರೆ ನಿಮ್ಮ ಲೈಟ್ ಉರಿಯುತ್ತಲೇ ಹಿಂದೆ ಹೋಗುತ್ತದೆ. 2024ರಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನೇ ಕಿತ್ತು ಹೋಯಿತು. ಇದು ಕೌಲ್‌ಬಜಾರಿನ ವೆಲ್ಡಿಂಗ್.

ತೆಕ್ಕಲಕೋಟೆ ರೈತ: 19ನೇ ಗೇಟಿನ ಹೆಸರು ತೆಗೆಯಬೇಡ. ಆಗಸ್ಟಿನಲ್ಲಿ ತುಂಬಿದ ಡ್ಯಾಮ್ ಕಣ್ಣೆದುರು ಹರಿದು ಹೋಯಿತು. ನಿನಗೆ ಉಪಮೆ, ನಮಗೆ ಎರಡನೇ ಬೆಳೆಯ ಚಿಂತೆ.

ಬಿಳಿಬೋರ್ಡ್: ಆ ಮಾತು ವಾಪಸ್. ತೂಕದ ಮಾತು ವಾಪಸ್ ಇಲ್ಲ.

ಮಲ್ಟಿಮೀಟರ್ ಮಾವ: ಎಲ್‌ಇಡಿ ಲೈಟ್ ಹಾಕಿದರೆ ಆಂಪಿಯರ್ ಜಗಳವೇ ಇಲ್ಲ. ಇಡೀ ಟ್ರೈಲರ್ ಒಂದೆರಡು ಆಂಪಿಯರಿನಲ್ಲಿ ಮುಗಿಯುತ್ತದೆ.

ಶಕ್ತಿನಗರ ವೈರ್‌ಮನ್: ಎಲ್‌ಇಡಿ ಹಾಕಿದರೂ ಫ್ಯೂಸ್ ಬೇಕು. ಅರ್ತ್ ಬೇಕು. ಸುಲಿದ ವೈರಿಗೆ ಟೇಪ್ ಸುತ್ತುವುದಂತೂ ಬೇಡವೇ ಬೇಡ. ಬಳ್ಳಾರಿ ಏಪ್ರಿಲ್ ಬಿಸಿಲಿಗೆ ಟೇಪಿನ ಅಂಟು ಕರಗಿ ಜಾರುತ್ತದೆ.

ನಟ್ಟಿಗೆ 10ನೇ ನಂಬರ್ ಸ್ಪ್ಯಾನರ್. ಮೊದಲು ಮೈನಸ್ ಬಿಚ್ಚು. ಸ್ಮಾರ್ಟ್ ಕೀ ದೂರ ಇಡು.

ಗಂಗಾವತಿ ಗರಂ: ಬಿಸಿಲು ರಾಯಚೂರಿನಲ್ಲಿ ಜಾಸ್ತಿ, ಬಳ್ಳಾರಿಯಲ್ಲಿ ಅಲ್ಲ.

ಸಿಂಧನೂರು ಎಕ್ಸ್‌ಪ್ರೆಸ್: ಇದೊಂದು ಒಪ್ಪುತ್ತೇನೆ.

ಕೌಲ್‌ಬಜಾರ್ ಜೀನ್ಸ್: ಹಲಗೆ ಎತ್ತಿದೆ, ಪೆಟ್ಟಿಗೆ ತೆಗೆದೆ, ಬ್ಯಾಟರಿ ಸಿಕ್ಕಿತು. ಮೈನಸ್ ಬಿಚ್ಚಿದೆ. ಫ್ಯೂಸ್ ಹೋಲ್ಡರ್ ತರಲು ಅಂಗಡಿಗೆ ಹೋಗಬೇಕಿತ್ತು, ಬೀದಿ ಹುಡುಗರು ಕೈ ಹಾಕುತ್ತಾರೆ ಅಂತ ಡಿಕ್ಕಿ ಮುಚ್ಚಿಬಿಟ್ಟೆ.

ಈಗ ತೆಗೆಯಲು ಬರುತ್ತಿಲ್ಲ.

ಮಲ್ಟಿಮೀಟರ್ ಮಾವ: ಅಯ್ಯೋ. ಮೊದಲ ದಿನವೇ ಹೇಳಿದ್ದರಲ್ಲ!

ಕೌಲ್‌ಬಜಾರ್ ಜೀನ್ಸ್: ಓದಿದ್ದೆ ಮಾವ. ಟ್ರ್ಯಾಕ್ಟರ್ ಜಗಳ ಓದುತ್ತಾ ಮರೆತುಹೋಯಿತು.

ಶಕ್ತಿನಗರ ವೈರ್‌ಮನ್: ಹಿಂದಿನ ಸೀಟ್ ಮಡಚಿ ಒಳಗಿಂದ ತೆವಳಿ ಹೋಗು.

ಕೌಲ್‌ಬಜಾರ್ ಜೀನ್ಸ್: ಡಿಕ್ಕಿ ಖಾಲಿ ಮಾಡಲು ಬಂಡಲ್ ಎಲ್ಲ ಹಿಂದಿನ ಸೀಟಿಗೆ ತುಂಬಿದ್ದೇನೆ. 240 ಪ್ಯಾಂಟ್.

ಶಕ್ತಿನಗರ ವೈರ್‌ಮನ್: ಹಾಗಾದರೆ ಬಾನೆಟ್ ಎತ್ತು. ಫ್ಯೂಸ್ ಬಾಕ್ಸಿನೊಳಗೆ ಕೆಂಪು ಮುಚ್ಚಳದ ಪ್ಲಸ್ ಟರ್ಮಿನಲ್ ಇದೆ. ಅದಕ್ಕೆ ಬೇರೆ 12 ವೋಲ್ಟ್ ಬ್ಯಾಟರಿಯ ಪ್ಲಸ್ ಕೊಡು, ಮೈನಸ್ಸನ್ನು ಬಣ್ಣವಿಲ್ಲದ ಕಬ್ಬಿಣಕ್ಕೆ ಹಿಡಿ. ಡಿಕ್ಕಿ ಬಟನ್ ಒತ್ತು. ಪ್ಲಸ್ ಮೈನಸ್ ಅದಲುಬದಲು ಮಾಡಿದರೆ ಮಾತ್ರ ದೊಡ್ಡ ಖರ್ಚು. ಎರಡು ಸಲ ನೋಡಿ ಕೊಡು.

ತೆಕ್ಕಲಕೋಟೆ ರೈತ: ನಾಳೆ ಬಳ್ಳಾರಿಗೆ ಬರುವವನಿದ್ದೇನೆ. ಜಂಪರ್ ಕೇಬಲ್ ಇದೆ. ಟ್ರ್ಯಾಕ್ಟರ್ ತರಲಾ?

ಸಿಂಧನೂರು ಎಕ್ಸ್‌ಪ್ರೆಸ್: ಎಷ್ಟು ಹೊತ್ತಿಗೆ ಬರುತ್ತೀಯ ಅಂತ ಹೇಳಿಬಿಡು. ಆ ರಸ್ತೆಯಲ್ಲಿ ನಾನು ಇರಲ್ಲ.

ತೆಕ್ಕಲಕೋಟೆ ರೈತ: ಹಗಲೇ ಬರುತ್ತೇನೆ ಮಾರಾಯ.